ವೈರಲ್ ನ್ಯುಮೋನಿಯಾ: ರಕ್ತದ ರಿಪೋರ್ಟನ್ನು ನಾನು ಓದುವ ಬಗೆ

ನಿಮಿಷಕ್ಕೆ 30 ಸಲ ಏದುಸಿರು ಬಿಡುತ್ತಿರುವ ರೋಗಿಯ ತೀವ್ರತೆ ತಿಳಿಯಲು ರಿಪೋರ್ಟ್ ಬರುವವರೆಗೆ ಕಾಯಬೇಕಿಲ್ಲ. ರಕ್ತಪರೀಕ್ಷೆ ನೆರವಿಗೆ ಬರುವುದು ಇವತ್ತು ಮಾತಾಡಿಕೊಂಡು ಕೂತಿದ್ದು, ಎರಡು ದಿನದಲ್ಲಿ ಕುಸಿಯಬಹುದಾದವರ ವಿಷಯದಲ್ಲಿ.

ಮೊದಲ ಸ್ಯಾಂಪಲ್ ಸ್ಟೀರಾಯ್ಡ್‌ಗೆ ಮುಂಚೆಯೇ ತೆಗೆಸುತ್ತೇನೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳ ಪೈಕಿ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಆಮೇಲೆ ಇವೆರಡರ ಅನುಪಾತ ಕೆಟ್ಟದ್ದು ರೋಗದಿಂದಲೋ ಮದ್ದಿನಿಂದಲೋ ಹೇಳುವುದು ಕಷ್ಟ. ಬರೀ ಶೇಕಡಾ ನೋಡಿ ಮುಂದೆ ಹೋಗುವುದಿಲ್ಲ, ಗುಣಿಸುತ್ತೇನೆ: ಮೈಕ್ರೋಲೀಟರಿಗೆ ಬಿಳಿ ರಕ್ತಕಣ 6,000, ಲಿಂಫೋಸೈಟ್ ಶೇ. 12 ಎಂದರೆ 720 ಮಾತ್ರ. 1,000ಕ್ಕಿಂತ ಕಡಿಮೆ ಇದ್ದರೆ ಆ ಹಾಸಿಗೆಯ ಮೇಲೆ ನನ್ನ ಒಂದು ಕಣ್ಣು ಇದ್ದೇ ಇರುತ್ತದೆ.

ಉರಿಯೂತ ತೋರಿಸುವ ಪ್ರೋಟೀನ್ ಸಿಆರ್‌ಪಿ ಏರಲು ಸುಮಾರು ಆರು ಗಂಟೆ ಬೇಕು, ತುದಿ ಮುಟ್ಟಲು 48 ಗಂಟೆ. ಹಾಗಾಗಿ ಮೊದಲ ದಿನದ ಕಡಿಮೆ ಸಿಆರ್‌ಪಿಗೆ ನಾನು ಸಮಾಧಾನ ಪಡುವುದಿಲ್ಲ. ಮರುದಿನ ಅದು ದುಪ್ಪಟ್ಟಾಯಿತೇ ಎಂಬುದೇ ಮುಖ್ಯ. ಯೂನಿಟ್ ಓದಿ: ಡೆಸಿಲೀಟರಿಗೆ 8 ಮಿಲಿಗ್ರಾಂ ಎಂದರೆ ಲೀಟರಿಗೆ 80. ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಮದ್ದು ಕೊಟ್ಟ ಮೇಲೆ ಸಿಆರ್‌ಪಿ ವಾರಗಟ್ಟಲೆ ತಲೆ ಎತ್ತುವುದಿಲ್ಲ, ಒಳಗೆ ಬ್ಯಾಕ್ಟೀರಿಯಾ ಸೋಂಕು ಹಬ್ಬುತ್ತಿದ್ದರೂ.

ಹೆಚ್ಚು ಎಡವುವುದು ಡಿ-ಡೈಮರ್‌ನಲ್ಲಿ, ಅಂದರೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ತುಣುಕಿನ ಅಳತೆಯಲ್ಲಿ. ಇದಕ್ಕೆ ಎಫ್‌ಇಯು, ಡಿಡಿಯು ಎಂಬ ಎರಡು ಯೂನಿಟ್ ಇವೆ: ಎಫ್‌ಇಯು ಲೆಕ್ಕದ 500 ನ್ಯಾನೋಗ್ರಾಂ, ಡಿಡಿಯು ಲೆಕ್ಕದಲ್ಲಿ ಸುಮಾರು 250. ಲ್ಯಾಬ್ ಬದಲಾಯಿಸಿದರೆ ರೋಗಿ ಹೇಗಿದ್ದನೋ ಹಾಗೇ ಇದ್ದರೂ ಅಂಕಿ ಅರ್ಧವಾಗಬಹುದು! ಈ ಪರೀಕ್ಷೆಗೆ ಬಳಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ವಯಸ್ಸು, ಬಸಿರು, ಇತ್ತೀಚಿನ ಶಸ್ತ್ರಚಿಕಿತ್ಸೆ ಕೂಡ ಇದನ್ನು ಏರಿಸುತ್ತವೆ.

ಜೀವಕೋಶ ಹಾನಿಗೊಂಡಾಗ ಸೋರುವ ಕಿಣ್ವ ಎಲ್‌ಡಿಎಚ್ ಏಕಾಏಕಿ ಜಿಗಿದಿದ್ದರೆ ಮೊದಲು ಪೊಟ್ಯಾಸಿಯಂ ನೋಡುತ್ತೇನೆ, ಎರಡೂ ಕೆಂಪುಕಣಗಳ ಒಳಗೆ ಇರುತ್ತವೆ. ಎರಡೂ ಏರಿ ಸೀರಂ ಕೆಂಪಗಿದ್ದರೆ ಒಡೆದದ್ದು ಟ್ಯೂಬಿನ ಕೆಂಪುಕಣಗಳೇ ಇರಬೇಕು. ಸಣ್ಣ ಸೂಜಿ, ಸಿರಿಂಜನ್ನು ಜೋರಾಗಿ ಎಳೆಯುವುದು, ಟ್ಯೂಬ್ ಕುಲುಕುವುದು ಇದಕ್ಕೆ ಕಾರಣ. ಮತ್ತೆ ರಕ್ತ ತೆಗೆಸಿ, ಐಸ್ ಮೇಲಿಡದೆ ಕಳಿಸುತ್ತೇನೆ.

ಕಬ್ಬಿಣ ಕೂಡಿಡುವ ಪ್ರೋಟೀನ್ ಫೆರಿಟಿನ್ ಉರಿಯೂತದಲ್ಲಷ್ಟೇ ಅಲ್ಲ, ಲಿವರ್ ಕಾಯಿಲೆಯಲ್ಲೂ ಏರುತ್ತದೆ, ಒಂಟಿಯಾಗಿ ಅದನ್ನು ನಂಬುವುದಿಲ್ಲ. ಪ್ರೊಕ್ಯಾಲ್ಸಿಟೋನಿನ್ ಏರಿದ್ದರೆ ಬ್ಯಾಕ್ಟೀರಿಯಾ ಸೇರಿಕೊಂಡಿತೇ ಎಂದು ಹುಡುಕಬೇಕು, ಆದರೆ ಕಿಡ್ನಿ ಸೋತವರಲ್ಲಿ ಸೋಂಕಿಲ್ಲದೆಯೂ ಅದು ಮೇಲೇ ಇರುತ್ತದೆ. ಇವೆಲ್ಲದರ ಗದ್ದಲದಲ್ಲಿ ಯೂರಿಯಾ ಮರೆತುಹೋಗುತ್ತದೆ. ನ್ಯುಮೋನಿಯಾದ ತೀವ್ರತೆ ಅಳೆಯುವ ಕರ್ಬ್-65 ಸ್ಕೋರಿನಲ್ಲಿರುವ ಏಕೈಕ ರಕ್ತಪರೀಕ್ಷೆ ಅದು: ಲೀಟರಿಗೆ 7 ಮಿಲಿಮೋಲ್ ದಾಟಿದರೆ ಒಂದು ಅಂಕ. ಡೆಸಿಲೀಟರಿನ ಲೆಕ್ಕದಲ್ಲಿ ಯೂರಿಯಾ ಸುಮಾರು 42 ಮಿಲಿಗ್ರಾಂ. ರಿಪೋರ್ಟ್‌ನಲ್ಲಿ ಬಿಯುಎನ್ (ಯೂರಿಯಾದಲ್ಲಿನ ನೈಟ್ರೋಜನ್ ಮಾತ್ರ) ಎಂದಿದ್ದರೆ ಸುಮಾರು 20.

ಚೇತರಿಸಿಕೊಳ್ಳುವವರಲ್ಲೂ ಡಿ-ಡೈಮರ್ ವಾರಗಟ್ಟಲೆ ಏರಿಯೇ ಇರಬಹುದು. ಆಕ್ಸಿಜನ್ ತೆಗೆದು, ನಡೆದಾಡಿಸಿದರೂ ರಕ್ತದ ಆಕ್ಸಿಜನ್ ಮಟ್ಟ ಕುಸಿಯದಿದ್ದರೆ, ಮನೆಗೆ ಕಳಿಸುವ ಮುನ್ನ ಡಿ-ಡೈಮರ್ ಪರೀಕ್ಷೆಯನ್ನು ಮತ್ತೊಮ್ಮೆ ಬರೆದುಕೊಡುವುದಿಲ್ಲ.