ಪೆನ್‌ಡ್ರೈವ್ ಬೂಟ್ ಆಗ್ತಿಲ್ವಾ? ಮೊದಲು ಎಲ್ಲಿ ನಿಲ್ಲುತ್ತೆ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಿತು. ಹಳೇ ಲ್ಯಾಪ್‌ಟಾಪ್ ಎಸೆಯೋಕೆ ಮನಸ್ಸಿಲ್ಲ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂತ ಹೊರಟವರು ಹಲವರು ಮೊದಲ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ: ಪೆನ್‌ಡ್ರೈವ್ ಹಾಕಿದ್ದಾಯ್ತು, ಆನ್ ಮಾಡಿದ್ದಾಯ್ತು, ನೋಡಿದರೆ ಏನೂ ಆಗದವರ ಹಾಗೆ ವಿಂಡೋಸೇ ಬಂದು ಕೂತಿರುತ್ತದೆ. ತಕ್ಷಣ ಕೈ ಹೋಗುವುದು ಫಾರ್ಮ್ಯಾಟ್ ಕಡೆಗೆ. ಸ್ವಲ್ಪ ತಡೀರಿ. ಅದೇ ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಬೂಟ್ ಆದರೆ ಪೆನ್‌ಡ್ರೈವ್ ಸರಿಯಿದೆ, ತಕರಾರು ನಿಮ್ಮ ಲ್ಯಾಪ್‌ಟಾಪಿನದು. ಸುಮ್ನೆ ಪೆನ್‌ಡ್ರೈವಿಗೆ ಮಿಂಟ್ ಮತ್ತೆ ಮತ್ತೆ ಬರೆದು ಪ್ರಯೋಜನವಿಲ್ಲ.

ಲ್ಯಾಪ್‌ಟಾಪಿನ ತಕರಾರಾದರೆ ಮೊದಲ ಅನುಮಾನ ಫಾಸ್ಟ್ ಸ್ಟಾರ್ಟಪ್ ಮೇಲೆ. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಮುಂದಿನ ಸಲ ಬೇಗ ಏಳೋಕೆ ಒಂದಿಷ್ಟನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ. ಹಾಗಾಗಿ ಶಟ್‌ಡೌನ್ ಬೇಡ, ರೀಸ್ಟಾರ್ಟ್ ಕೊಡಿ. ಸ್ಕ್ರೀನ್ ಕಪ್ಪಾದ ಕೂಡಲೇ ಬೂಟ್ ಮೆನು ಕೀಯನ್ನು ಟಕಟಕ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಸ್ಕ್ರೀನ್) ಒಳಗೆ ಹೋಗಿ ಅದನ್ನು ಮೊದಲು ಎನೇಬಲ್ ಮಾಡಬೇಕು. ಕೀ ಹಿಡಿಯುತ್ತಲೇ ಇಲ್ಲ ಅಂದರೆ ವಿಂಡೋಸ್ ಒಳಗಿಂದಲೇ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ನೀಲಿ ಸ್ಕ್ರೀನಿನಲ್ಲಿ ‘ಯೂಸ್ ಎ ಡಿವೈಸ್’ ಆರಿಸಿಕೊಳ್ಳಿ. ನನಗೆ ಇದೇ ಹೆಚ್ಚು ಇಷ್ಟ, ಕೀ ಹುಡುಕುವ ತಲೆನೋವಿಲ್ಲ.

ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಕೆಲವೊಮ್ಮೆ ಎರಡು ಸಲ ಕಾಣಿಸುತ್ತದೆ. ಒಂದು ಬರೀ ‘ಸ್ಯಾನ್‌ಡಿಸ್ಕ್’, ಇನ್ನೊಂದು ‘ಯುಇಎಫ್‌ಐ: ಸ್ಯಾನ್‌ಡಿಸ್ಕ್’. ಯುಇಎಫ್‌ಐ ಅಂದರೆ ಬೂಟ್ ಮಾಡುವ ಹೊಸ ವಿಧಾನ, ಈಚಿನ ಯಂತ್ರವಾದರೆ ಎರಡನೆಯದನ್ನೇ ಆರಿಸಿ. ಯಾವುದೂ ಕಾಣದಿದ್ದರೆ ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿ, ಬೇರೆ ಪೋರ್ಟ್ ನೋಡಿ.

‘ಸೆಕ್ಯುರಿಟಿ ವಯೊಲೇಷನ್’ ಅಂತ ಬಂದರೆ ಅದು ಸೆಕ್ಯೂರ್ ಬೂಟ್ ಕೆಲಸ, ಅಂದರೆ ತನಗೆ ನಂಬಿಕೆಯಿಲ್ಲದ ಬೂಟ್ ಪ್ರೋಗ್ರಾಂಗಳನ್ನು ತಡೆಯುವ ಕಾವಲು. ವೆಂಟಾಯ್ (ಪೆನ್‌ಡ್ರೈವನ್ನು ಬೂಟ್ ಆಗುವಂತೆ ಮಾಡುವ ಒಂದು ಟೂಲ್) ಬಳಸಿದ್ದರೆ ಮೊದಲ ಸಲ ಇದು ಮಾಮೂಲು, ಮುಂದೆ ಬರುವ ಮೆನುವಿನಲ್ಲಿ ‘ಎನ್‌ರೋಲ್ ಕೀ ಫ್ರಮ್ ಡಿಸ್ಕ್’ ಆರಿಸಿ ಅದರ ಕೀ ಸೇರಿಸಿದರೆ ಮುಗಿಯಿತು. ‘ಶಿಮ್ ಎಸ್‌ಬ್ಯಾಟ್’ ಅನ್ನುವ ಮಾತಿದ್ದರೆ ಕಥೆ ಬೇರೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಲಿನಕ್ಸಿನ ಹಳೇ ಬೂಟ್‌ಲೋಡರ್‌ಗಳನ್ನು (ಲಿನಕ್ಸನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಂ) ತಡೆಯಿತು, ಎಂದೋ ಡೌನ್‌ಲೋಡ್ ಮಾಡಿಟ್ಟ ಐಎಸ್‌ಒ (ಮಿಂಟ್‌ನ ಇನ್‌ಸ್ಟಾಲ್ ಫೈಲ್) ಅಲ್ಲಿ ಸಿಕ್ಕಿಬೀಳುತ್ತದೆ. ಹೊಸ ಐಎಸ್‌ಒ ತಂದುಕೊಳ್ಳಿ. ಸೆಕ್ಯೂರ್ ಬೂಟ್ ಆಫ್ ಮಾಡಿಯೂ ದಾಟಬಹುದು, ಆದರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಆ ಸೆಟ್ಟಿಂಗ್ ಮುಟ್ಟಲೇಬೇಡಿ.

ಪೆನ್‌ಡ್ರೈವ್ ಎರಡೂ ಕಡೆ ಬೂಟ್ ಆಗಲಿಲ್ವಾ? ಹಾಗಾದರೆ ಬರೆದ ರೀತಿ ನೋಡಿ. ವೆಂಟಾಯ್ ಹಾಕಿರದ ಪೆನ್‌ಡ್ರೈವಿಗೆ ಐಎಸ್‌ಒ ಫೈಲನ್ನು ಬರೀ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗಲ್ಲ, ರೂಫಸ್ ಅಥವಾ ಎಚರ್ ಅನ್ನುವ ಟೂಲ್‌ನಿಂದ ಬರೆಯಬೇಕು. ರೂಫಸ್‌ನಲ್ಲಿ ‘ಸೆಲೆಕ್ಟ್’ ಪಕ್ಕದ ಪುಟ್ಟ ಟಿಕ್ ಗುರುತು ಒತ್ತಿದರೆ ಫೈಲಿನ ಚೆಕ್‌ಸಮ್ (ಫೈಲ್ ಸರಿಯಿದೆಯಾ ಅಂತ ತಾಳೆ ನೋಡುವ ಉದ್ದನೆಯ ಕೋಡ್) ಸಿಗುತ್ತದೆ. ಮಿಂಟ್ ಸೈಟಿನಲ್ಲಿರುವ ಎಸ್‌ಎಚ್‌ಎ256 ಚೆಕ್‌ಸಮ್ ಜೊತೆ ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಡೌನ್‌ಲೋಡ್ ಕೆಟ್ಟಿದೆ. ಅದು ಸರಿಯಿದ್ದರೆ, ಬರೆಯುವಾಗ ರೂಫಸ್ ಕೇಳುವ ಪ್ರಶ್ನೆಗೆ ಈ ಸಲ ಐಎಸ್‌ಒ ಮೋಡ್ ಬದಲು ಡಿಡಿ ಮೋಡ್ (ಫೈಲನ್ನು ಇದ್ದ ಹಾಗೇ ಪಡಿಯಚ್ಚಾಗಿ ಬರೆಯುವುದು) ಕೊಡಿ. ಆಮೇಲೆ ವಿಂಡೋಸ್ ‘ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು’ ಅಂತ ಹೇಳಿದರೆ ಕ್ಯಾನ್ಸಲ್ ಒತ್ತಿ, ಅದಕ್ಕೆ ಲಿನಕ್ಸಿನ ಪಾರ್ಟಿಷನ್ ಓದಲು ಬರುವುದಿಲ್ಲ ಅಷ್ಟೇ.

ಇನ್ನು ಮಿಂಟ್ ಮೆನುವರೆಗೆ ಬಂದು ಆಮೇಲೆ ಸ್ಕ್ರೀನ್ ಕಪ್ಪಾದರೆ ಪೆನ್‌ಡ್ರೈವಿನ ತಪ್ಪು ಇರಲಿಕ್ಕಿಲ್ಲ, ಬಹುತೇಕ ಗ್ರಾಫಿಕ್ಸ್ ಕಾರ್ಡಿನ ಜಗಳ. ಅದೇ ಮೆನುವಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಇದೆ, ಅದರಲ್ಲಿ ಶುರು ಮಾಡಿ. ಎನ್ವಿಡಿಯಾ ಕಾರ್ಡ್ ಇದ್ದರೆ ಇನ್‌ಸ್ಟಾಲ್ ಮುಗಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಅದರ ಡ್ರೈವರ್ ಹಾಕಿಕೊಳ್ಳಿ.