ಹಿಸ್ಟರಿ ತೆಗೆಯುವುದನ್ನು ಕೂತು ನೋಡಿದಾಗ

ಧಾರವಾಡದ ಕಡೆಯಿಂದ ಗೋವಾಕ್ಕೆ ಬಂದು ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡಲು ತೊಡಗಿ ಹದಿನಾಲ್ಕು ವರ್ಷಗಳಾದವು. ಅದರಲ್ಲಿ ಮೊದಲ ಹತ್ತು ವರ್ಷ, ನನ್ನ ವಿದ್ಯಾರ್ಥಿಗಳು ರೋಗಿಯೊಡನೆ ಮಾತನಾಡಿ ಕಾಯಿಲೆಯ ವಿವರ ಕೇಳಿ ತಿಳಿಯುವುದನ್ನು, ಎಂದರೆ ಹಿಸ್ಟರಿ ತೆಗೆಯುವುದನ್ನು, ನಾನು ಒಮ್ಮೆಯೂ ಮೊದಲಿನಿಂದ ಕೊನೆಯವರೆಗೆ ಕಂಡಿರಲಿಲ್ಲ. ಅದು ಅರಿವಿಗೆ ಬಂದದ್ದು ಒಬ್ಬ ಗೌಂಡಿಯವರ ಕಾಲಿನ ಹುಣ್ಣಿನಿಂದ.

ಅವರು ಬಾಗಲಕೋಟೆಯ ಕಡೆಯವರು. ಝುವಾರಿ ನಗರದಲ್ಲಿ ಸಂಸಾರ. ವಿದ್ಯಾರ್ಥಿನಿಯೊಬ್ಬಳು ಅವರ ಕೇಸನ್ನು ನನ್ನೆದುರು ಅಚ್ಚುಕಟ್ಟಾಗಿ ಒಪ್ಪಿಸಿ, ಮೊದಲು ಸಕ್ಕರೆ ಕಾಯಿಲೆ ಇರಲಿಲ್ಲ, ದಾಖಲಾದ ಮೇಲೆ ಪತ್ತೆಯಾಗಿದೆ ಎಂದಳು. ಒಳ್ಳೆಯ ಅಂಕವನ್ನೇ ಕೊಟ್ಟೆ. ಹೊರಡುವ ಮುನ್ನ, ಊರ ಮಾತನ್ನಾಡುವ ಆಸೆಯಿಂದ, "ಸಕ್ರಿ ಗುಳಗಿ ಯಾವಾಗರ ತೊಗೊಂಡಿದ್ರೇನ್ರಿ ಕಾಕಾ?" ಎಂದು ಕೇಳಿದೆ. "ಆರು ವರ್ಷ ತೊಗೊಂಡೀನ್ರಿ ಬಾಯಾರ, ಆಮ್ಯಾಲ ಆರಾಮಾತು ಅಂತ ಬಿಟ್ಟೀನ್ರಿ" ಎಂದರು. ವಿದ್ಯಾರ್ಥಿನಿ ಕೇಳಿದ್ದು "ಶುಗರ್ ಹೈ ಕ್ಯಾ?" ಎಂದು. ಗುಳಿಗೆ ಬಿಟ್ಟಾಗಲೇ ಕಾಯಿಲೆಯೂ ಹೋಯಿತೆಂದು ನಂಬಿದ್ದವರು "ನಹೀ" ಎಂದಿದ್ದರು. ಇಬ್ಬರೂ ಸುಳ್ಳಾಡಿರಲಿಲ್ಲ. ಆದರೆ ಅವರು ಗುಳಿಗೆಯನ್ನು ಏಕೆ ಬಿಟ್ಟರೆಂದು ತಿಳಿಯದೆ ಮತ್ತೆ ಅದನ್ನೇ ಬರೆದುಕೊಟ್ಟು ಕಳಿಸಿದ್ದರೆ, ಅವರು ಮತ್ತೆ ಬಿಡುತ್ತಿದ್ದರು.

ನಾನು ಅಂಕ ಕೊಡುತ್ತಿದ್ದುದು ಒಪ್ಪಿಸುವ ಜಾಣತನಕ್ಕೆ. ಕೇಳುವ ಕೌಶಲ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯರ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ತರಬೇತಿಯಲ್ಲಿ ಇದನ್ನು ಚಿತ್ರ ಬಿಡಿಸಿ ವಿವರಿಸಿದವಳೂ ನಾನೇ, ವಾರ್ಡಿನಲ್ಲಿ ಎರಡನೆಯ ಮೆಟ್ಟಿಲಲ್ಲೇ ನಿಂತವಳೂ ನಾನೇ. 2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದು, ವಿದ್ಯಾರ್ಥಿ ಕಲಿತದ್ದನ್ನು ದಾಖಲಿಸುವ ಲಾಗ್ ಬುಕ್ಕಿನಲ್ಲಿ ಕೌಶಲಗಳಿಗೆ ಶಿಕ್ಷಕರು ಸಹಿ ಹಾಕುವುದು ಕಡ್ಡಾಯವಾದಾಗಲೂ ನನ್ನ ಅಭ್ಯಾಸ ಬದಲಾಗಲಿಲ್ಲ. ವಿದ್ಯಾರ್ಥಿಗಳು ನಮ್ಮ ವಿಭಾಗದಲ್ಲಿ ಕಲಿಯುವ ಅವಧಿಯ, ಎಂದರೆ ಪೋಸ್ಟಿಂಗಿನ, ಕೊನೆಯ ದಿನ, ಒಂದೇ ಪೆನ್ನಿನಿಂದ, ಇಪ್ಪತ್ತು ಪುಟಗಳಿಗೆ ಸಹಿ ಹಾಕಿದ ಪಾಪ ನನ್ನ ಮೇಲಿದೆ.

ನಾನು ಆರಿಸಿಕೊಂಡ ವಿಧಾನ ಹೊಸದಲ್ಲ. 1995ರಲ್ಲಿ ಜಾನ್ ನಾರ್ಸಿನಿ ಮತ್ತು ಸಂಗಡಿಗರು ಪ್ರಕಟಿಸಿದ ಮಿನಿ-ಸಿಇಎಕ್ಸ್ (ಮಿನಿ ಕ್ಲಿನಿಕಲ್ ಇವ್ಯಾಲ್ಯುಯೇಷನ್ ಎಕ್ಸರ್‌ಸೈಜ್) ಅದು. ನಿಜವಾದ ರೋಗಿಯೊಡನೆ ನಡೆಯುವ ಒಂದು ಚಿಕ್ಕ ಭೇಟಿಯನ್ನು ಶಿಕ್ಷಕರು ಹದಿನೈದಿಪ್ಪತ್ತು ನಿಮಿಷ ಕುಳಿತು ನೋಡಿ, ಒಂಬತ್ತು ಅಂಕಗಳ ಮಾಪಕದಲ್ಲಿ ಗುರುತು ಹಾಕಿ, ಆಗಲೇ ಐದು ನಿಮಿಷ ವಿದ್ಯಾರ್ಥಿಯೊಡನೆ ಅದರ ಬಗ್ಗೆ ಮಾತನಾಡುತ್ತಾರೆ. ಒಂದೇ ದೀರ್ಘ ಪರೀಕ್ಷೆಯ ಬದಲು ಬೇರೆ ಬೇರೆ ರೋಗಿಗಳ ಬಳಿ, ಬೇರೆ ಬೇರೆ ಶಿಕ್ಷಕರ ಎದುರು ಹಲವು ಸಲ ನೋಡಬೇಕೆಂಬುದು ಅದರ ಜೀವಾಳ.

ಮೊದಲ ಪ್ರಯತ್ನ ಕೆಟ್ಟಿತು. ಸೋಮವಾರದ ಓಪಿಡಿಯಲ್ಲಿ ಆರಂಭಿಸಿದ್ದೇ ತಪ್ಪು. ಸಾಲು ಬಾಗಿಲಾಚೆ ಬೆಳೆಯುತ್ತಿದ್ದಾಗ ತಾಳ್ಮೆಯಿಂದ ಕುಳಿತು ನೋಡುವುದು ಸಾಧ್ಯವಾಗಲಿಲ್ಲ. ಆದ್ದರಿಂದ ವಾರ್ಡಿಗೆ, ರೌಂಡ್ಸ್ ಮುಗಿದ ಮೇಲಿನ ಹೊತ್ತಿಗೆ ಬದಲಾಯಿಸಿದೆ. ಇಡೀ ಹಿಸ್ಟರಿಯನ್ನೂ ಕೈಬಿಟ್ಟು, ಒಂದು ದಿನ ಗುಳಿಗೆ-ಔಷಧಿಗಳ ವಿಚಾರ ಮಾತ್ರ, ಇನ್ನೊಂದು ದಿನ ನೋವಿನ ವಿಚಾರ ಮಾತ್ರ ಎಂದು ಕಿರಿದುಗೊಳಿಸಿದೆ. ರೋಗಿಯ ಒಪ್ಪಿಗೆ ಕೇಳಿ, ಮಂಚದ ತಲೆಬದಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತರೆ ವಿದ್ಯಾರ್ಥಿ ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡುತ್ತಿದ್ದ. ರೋಗಿಯೂ ಉತ್ತರವನ್ನು ನನಗೇ ಹೇಳುತ್ತಿದ್ದರು.

ಅತ್ಯಂತ ಉಪಯೋಗಕ್ಕೆ ಬಂದದ್ದು ಮಾಪಕವಲ್ಲ, ಒಂದು ಸಣ್ಣ ನೋಟ್‌ಬುಕ್. ವಿದ್ಯಾರ್ಥಿ ಕೇಳಿದ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಬರೆದುಕೊಂಡು, ಆಮೇಲೆ ಹೊರಗೆ ಕಾರಿಡಾರಿನಲ್ಲಿ ಅದನ್ನು ಓದಿ ಹೇಳುತ್ತಿದ್ದೆ. "ಸಂವಹನ ಸುಧಾರಿಸಬೇಕು" ಎಂದು ಹೇಳಿದಾಗ ತಲೆಯಾಡಿಸಿ ಹೋಗುತ್ತಿದ್ದವರು, "ಕೆಮ್ಮು, ಜ್ವರ, ದಮ್ಮು ಏನೂ ಇಲ್ಲ ಅಲ್ಲವೇ?" ಎಂಬ ತಮ್ಮದೇ ಪ್ರಶ್ನೆಯನ್ನು ಕೇಳಿದೊಡನೆ ತಾವೇ ನಕ್ಕು, ಉತ್ತರವನ್ನೂ ತಾವೇ ಕೊಟ್ಟಿದ್ದೆವೆಂದು ಒಪ್ಪಿಕೊಳ್ಳುತ್ತಿದ್ದರು. ಅಂಕಗಳನ್ನು ಒಂದು ತಿಂಗಳಲ್ಲೇ ನಿಲ್ಲಿಸಿದೆ. ಆರೋ ಏಳೋ ಎಂಬುದರ ಮೇಲೆ ಚರ್ಚೆ ನಡೆದು, ಆಡಿದ ಮಾತೆಲ್ಲ ಗಾಳಿಗೆ ಹೋಗುತ್ತಿತ್ತು. ಮುಂದಿನ ರೋಗಿಯ ಬಳಿ ಏನನ್ನು ಬೇರೆಯಾಗಿ ಮಾಡುವೆನೆಂದು ವಿದ್ಯಾರ್ಥಿಯೇ ಒಂದು ವಾಕ್ಯ ಬರೆಯುವುದನ್ನಷ್ಟೇ ಉಳಿಸಿಕೊಂಡೆ.

ಭಾಷೆಯ ತೊಡಕು ಬೇರೆಯೇ ಇತ್ತು. ಕೊಂಕಣಿ, ಹಿಂದಿ ಬಲ್ಲ ಮಕ್ಕಳಿಗೆ ನಮ್ಮ ಕಡೆಯ ಕೂಲಿಕಾರರ ಕನ್ನಡ ತಿಳಿಯದು. ರೋಗಿಯ ಮಗನೋ ತಮ್ಮನೋ ದುಭಾಷಿಯಾಗಿ, ನಾಲ್ಕು ಮಾತನ್ನು ಒಂದಕ್ಕೆ ಇಳಿಸಿಬಿಡುತ್ತಾನೆ. ಗದಗಿನ ಕಡೆಯ ಆಯಾ ಒಬ್ಬರು ವಿದ್ಯಾರ್ಥಿಗಳಿಗೆ ಐದು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದರು. ನಾನು ಬರೆದುಕೊಟ್ಟಿದ್ದ "ನಿಮ್ಮ ತೊಂದರೆ ಏನು?" ಎಂಬುದನ್ನು ಅವರು ಹೊಡೆದುಹಾಕಿ, "ಏನ್ ತ್ರಾಸ ಆಗಾಕತ್ತೈತ್ರಿ?" ಎಂದು ತಿದ್ದಿದ್ದು ನನಗೂ ಪಾಠವೇ. ದುಭಾಷಿಯ ಕೊರತೆಯನ್ನು ಐದು ಪ್ರಶ್ನೆಗಳು ತುಂಬಲಾರವು. ಆದರೆ ಮೊದಲ ಮಾತು ಕನ್ನಡದಲ್ಲಿ ಬಿದ್ದರೆ ರೋಗಿ ತಮ್ಮನ ಕಡೆ ತಿರುಗುವ ಮುನ್ನ ತಾವೇ ಬಾಯಿ ತೆರೆಯುತ್ತಾರೆ.

ಇದನ್ನು ಪ್ರಬಂಧವಾಗಿ ಬರೆಯಹೊರಟಾಗ ಎಡವಿದೆ. ಅಮೆರಿಕದ ಶಿಕ್ಷಣ ತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲೇ ಬೋಧನೆಯೂ ವಿದ್ವತ್ತಿನ ಒಂದು ರೂಪವೆಂದು ವಾದಿಸಿದ್ದರು. ಅದನ್ನು ನಂಬಿ ವರ್ಷವಿಡೀ ವಿದ್ಯಾರ್ಥಿಗಳ ವಾಕ್ಯಗಳನ್ನು ಕೂಡಿಟ್ಟಿದ್ದೆ. ಆದರೆ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಪಡೆದಿರಲಿಲ್ಲ. ಪಾಠದ ಸುಧಾರಣೆಗೆ ಅನುಮತಿ ಏಕೆಂದು ಭಾವಿಸಿದ್ದೆ. ಅನುಮತಿ ಬೇಕೋ ಬೇಡವೋ ಎಂದು ನಿರ್ಧರಿಸುವವರೂ ಅವರೇ, ನಾನಲ್ಲ. ಆ ವರ್ಷದ ಬರಹಗಳು ಕಪಾಟಿನಲ್ಲಿಯೇ ಉಳಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ವಿದ್ಯಾರ್ಥಿಗಳನ್ನು ಒತ್ತಡಕ್ಕೆ ಸಿಲುಕಬಹುದಾದವರ ಸಾಲಿನಲ್ಲಿ ಎಣಿಸುತ್ತದೆ. ಅಂಕ ಕೊಡುವ ನಾನೇ ಒಪ್ಪಿಗೆ ಪತ್ರ ನೀಡಿದರೆ ಬೇಡವೆನ್ನುವವರು ಯಾರು? ಸಮಿತಿಗೆ ಈಗ ಸಲ್ಲಿಸಿದ ಅರ್ಜಿಯಲ್ಲಿ ಒಪ್ಪಿಗೆ ಪಡೆಯುವ ಕೆಲಸವನ್ನು ಈ ವಿದ್ಯಾರ್ಥಿಗಳಿಗೆ ಪಾಠ ಮಾಡದ ಬೇರೆ ವಿಭಾಗದ ಸಹೋದ್ಯೋಗಿಗೆ ಒಪ್ಪಿಸಿದ್ದೇನೆ. ಯಾರು ಒಪ್ಪಿದರು, ಯಾರು ಒಲ್ಲೆನೆಂದರು ಎಂಬುದು ಫಲಿತಾಂಶ ಬರುವವರೆಗೆ ನನಗೆ ತಿಳಿಯುವುದಿಲ್ಲ.

ಒಂದು ಪೋಸ್ಟಿಂಗಿನಲ್ಲಿ ಹನ್ನೆರಡು ವಿದ್ಯಾರ್ಥಿಗಳನ್ನು ತಲಾ ಎರಡು ಸಲ ನೋಡಲಷ್ಟೇ ನನ್ನಿಂದಾಗುತ್ತಿದೆ. ಯಾರನ್ನಾದರೂ ಪಾಸು-ಫೇಲು ಎಂದು ತೀರ್ಮಾನಿಸಲು ಇದು ಸಾಲದು, ಅದಕ್ಕೆ ಬಳಸುತ್ತಲೂ ಇಲ್ಲ. ವಿಭಾಗದ ಇನ್ನಿಬ್ಬರು ಈಗ ನೋಟ್‌ಬುಕ್ ಹಿಡಿದಿದ್ದಾರೆ. ಲಾಗ್ ಬುಕ್ಕಿನ ಸಹಿಯನ್ನು ಮಾತ್ರ ನೋಡಿದ ದಿನವೇ, ನೋಡಿದ್ದಕ್ಕಷ್ಟೇ ಹಾಕುತ್ತಿದ್ದೇನೆ, ಕೆಲವು ಪುಟಗಳು ಖಾಲಿ ಉಳಿಯುತ್ತಿವೆ.