ಮಗನ ಹಣೆಯ ಹೊಲಿಗೆ ಕಲೆ: ನಾನು ಏನೇನು ಮಾಡಿದೆ

ಹೊಲಿಗೆ ಬಿಚ್ಚಿದ ದಿನ ಮಗನ ಹಣೆಯ ಕಲೆ ಸಣ್ಣ ಗೆರೆಯಷ್ಟೇ ಇತ್ತು. ಎರಡು ತಿಂಗಳಾಗುವ ಹೊತ್ತಿಗೆ ಅದೇ ಗೆರೆ ಕೆಂಪಾಗಿ, ಗಟ್ಟಿಯಾಗಿ ಉಬ್ಬಿತ್ತು. ಬಹಳ ತಾಯಂದಿರು ಗಾಬರಿಯಾಗೋದು ಇಲ್ಲೇ. ಹೊಲಿಗೆ ಹಾಕಿದವರನ್ನು ಬೈಯೋದೂ ಇಲ್ಲೇ. ಆದರೆ ಚಿಕ್ಕ ಮಕ್ಕಳ ಚರ್ಮದ ನಡತೆಯೇ ಹಾಗೆ. ಬೇಗ ಕೂಡಿಕೊಳ್ಳುತ್ತದೆ, ಕೂಡಿಸುವ ಭರದಲ್ಲಿ ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ನಾರನ್ನು ಬೇಕಾದ್ದಕ್ಕಿಂತ ಜಾಸ್ತಿ ಹೆಣೆಯುತ್ತದೆ. ಹೆಚ್ಚಾದದ್ದನ್ನು ಆಮೇಲೆ ದೇಹವೇ ಕರಗಿಸುತ್ತದೆ. ಅದಕ್ಕೆ ಒಂದು, ಒಂದೂವರೆ ವರ್ಷ ಬೇಕು.

ಅವನಿಗೆ ಆಗ ಮೂರು ವರ್ಷ. ರಾಯಚೂರಿನ ನಮ್ಮ ಮನೆಯ ಹೊಸ್ತಿಲು ಬಡಿದು ಹುಬ್ಬಿನ ಮೇಲೆ ಅಡ್ಡಕ್ಕೆ ಸೀಳಿತ್ತು. ಹಣೆಯ ಸುಕ್ಕುಗಳೂ ಅಡ್ಡವೇ ಅಲ್ವಾ, ಕಲೆ ಅವುಗಳ ಜೊತೆ ಸೇರಿಹೋಗುತ್ತದೆ. ಮೇಲಿನಿಂದ ಕೆಳಗೆ ಸೀಳಿದ್ದರೆ ಎದ್ದು ಕಾಣುತ್ತಿತ್ತು ಎಂದರು ಡಾಕ್ಟರು. ಐದನೇ ದಿನ ಹೊಲಿಗೆ ಬಿಚ್ಚಿದರು. ಮುಖದಲ್ಲಿ ದಾರ ಜಾಸ್ತಿ ದಿನ ಉಳಿದರೆ ಸೂಜಿ ಚುಚ್ಚಿದ ಚುಕ್ಕೆಗಳೇ ಕಲೆಯಾಗುತ್ತವಂತೆ. ಆದರೆ ಆಗ ಗಾಯಕ್ಕೆ ಮೊದಲಿನ ಚರ್ಮದ ಹತ್ತನೇ ಒಂದು ಪಾಲು ಬಲವೂ ಬಂದಿರುವುದಿಲ್ಲ. ಇನ್ನೊಮ್ಮೆ ಬಡಿದರೆ ಬಾಯಿ ಬಿಡುತ್ತದೆ. ಹಾಗಾಗಿ ಕೆಲವು ದಿನ ಮೇಲೆ ಪೇಪರ್ ಟೇಪ್ ಅಂಟಿಸಿದ್ದೆವು.

"ಅರಿಶಿಣ ಹಚ್ಚವ್ವ, ಲಗೂನ ಒಣಗತೈತಿ" ಅಂದರು ಅತ್ತೆ. ಒಣಗಬಾರದು ಅನ್ನೋದೇ ಇಲ್ಲಿನ ವಿಷಯ. ಒಣಗಿದರೆ ಹಕ್ಕಳೆ ಕಟ್ಟುತ್ತದೆ, ಮಗು ಅದನ್ನು ಕೆರೆದು ಕೀಳುತ್ತದೆ, ಕಲೆ ಅಗಲವಾಗುತ್ತದೆ. ದಿನಾ ಮೆಲ್ಲಗೆ ತೊಳೆದು ತೆಳ್ಳಗೆ ವ್ಯಾಸಲೀನ್ ಹಚ್ಚಿದೆ, ಅಷ್ಟೇ. ಅರಿಶಿಣದ ಡಬ್ಬಿ ಅಡುಗೆಮನೆಯಲ್ಲೇ ಉಳಿಯಿತು. ಅತ್ತೆಯ ಮುನಿಸು ವಾರದಲ್ಲಿ ಇಳಿಯಿತು.

ಗಾಯ ಪೂರ್ತಿ ಮುಚ್ಚಿ, ಮೂರನೇ ವಾರ ದಾಟಿದ ಮೇಲೆ ಕಲೆಗೆ ಮಸಾಜ್ ಶುರು ಮಾಡಿದೆ. ಎಚ್ಚರ ಇದ್ದಾಗ ಕೈ ತಳ್ಳುತ್ತಿದ್ದ. ಮಧ್ಯಾಹ್ನ ನಿದ್ದೆ ಹತ್ತಿದ ಮೇಲೆ ಬೆರಳ ತುದಿಯನ್ನು ಕಲೆಯ ಮೇಲಿಟ್ಟು, ಅದರ ಕೆಂಪು ಒಂದು ಕ್ಷಣ ಮಾಯವಾಗುವಷ್ಟು ಒತ್ತಿ, ಸುತ್ತು ತಿರುಗಿಸುತ್ತಿದ್ದೆ. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೂ ಬೆರಳಿನ ಜೊತೆ ಅಲುಗಬೇಕು. ಮೊದಲು ಒಳಗೆ ದಪ್ಪ ದಾರ ಇದ್ದ ಹಾಗೆ ಸಿಗುತ್ತಿತ್ತು. ತಿಂಗಳುಗಳು ಕಳೆದಂತೆ ಮೆತ್ತಗಾಯಿತು. ಜೊತೆಗೆ ಡಾಕ್ಟರು ಬರೆದುಕೊಟ್ಟ ಸಿಲಿಕೋನ್ ಜೆಲ್, ದಿನಕ್ಕೆ ಎರಡು ಸಲ. ದುಬಾರಿ, ಆದರೆ ತೆಳ್ಳಗೆ ಹಚ್ಚಿದರೆ ಸಾಕು, ಟ್ಯೂಬು ಬಹಳ ದಿನ ಬರುತ್ತದೆ. ವಿಟಮಿನ್ ಇ ಎಣ್ಣೆ ಬೇಡವೆಂದರು. ಕೆಲವರಿಗೆ ತುರಿಕೆ, ಗುಳ್ಳೆ ಬರುತ್ತದೆ.

ನಮ್ಮ ಊರಿನ ದೊಡ್ಡ ಶತ್ರು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಹೊಸ ಚರ್ಮಕ್ಕೆ ಬಿಸಿಲು ಬಿದ್ದರೆ ಕಪ್ಪಾಗುತ್ತದೆ, ನಮ್ಮ ಮೈಬಣ್ಣಕ್ಕೆ ಆ ಕಪ್ಪು ಬೇಗ ಹೋಗೋದಿಲ್ಲ. ಟೋಪಿ ಅವನ ತಲೆ ಮೇಲೆ ಐದು ನಿಮಿಷ ನಿಲ್ಲಲಿಲ್ಲ. ಹಾಗಾಗಿ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಬೆವರಿದಾಗ ಮತ್ತೆ ಹಚ್ಚಿ, ಆಟವನ್ನು ಸಂಜೆಗೆ ತಳ್ಳಿದೆ.

ಬೆಳೆದಂತೆ ಕಲೆಯೂ ಬೆಳೆಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಚರ್ಮದ ಜೊತೆ ಸ್ವಲ್ಪ ಹಿಗ್ಗುತ್ತದೆ, ಅಷ್ಟೇ. ಆದರೆ ಕಲೆ ಗಾಯದ ಗಡಿ ದಾಟಿ ಪಕ್ಕದ ಚರ್ಮಕ್ಕೂ ಹಬ್ಬಿದರೆ ಅದು ಕೆಲಾಯ್ಡ್ ಇರಬಹುದು. ಸುಮ್ನೆ ಕಾಯದೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ನಮ್ಮವನಿಗೆ ಹಾಗಾಗಲಿಲ್ಲ. ಪ್ಲಾಸ್ಟಿಕ್ ಸರ್ಜರಿ ಮಾಡಿಸೋಣವೇ ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, ಕಲೆ ಹಣ್ಣಾಗಲಿ, ವರ್ಷ ಕಳೆಯದೆ ಆ ಮಾತು ಬೇಡ ಎಂದರು ಡಾಕ್ಟರು. ವರ್ಷ ಕಳೆದ ಮೇಲೆ ಮನೆಯವರು ಮತ್ತೆ ಕೇಳಲಿಲ್ಲ.